ಓಟ ಮುಗಿದ ಮೇಲಿನ ಪ್ರಶ್ನೆ

ಅವಳನ್ನು ಬೀದಿಯವರೆಲ್ಲ ಮೈಕಮ್ಮ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವನು ಎದುರು ಮನೆಯ ದರ್ಜಿ. ಕತ್ತರಿಗಿಂತ ಅವನ ನಾಲಿಗೆ ಹರಿತ. ಅವಳು ಮೈಕು ಹಿಡಿದು ಟಿವಿಯಲ್ಲಿ ಬಂದಾಗಲೆಲ್ಲ ಹೊಲಿಗೆ ಬಿಟ್ಟು ಬಂದು ಅವಳ ತಾಯಿಯ ಪಕ್ಕದಲ್ಲಿ ಕೂತುಬಿಡುತ್ತಿದ್ದ.

"ಅಲ್ಲ ಅಮ್ಮಾ, ಓಡೋರಿಗಿಂತ ನಿಮ್ಮ ಮಗಳೇ ಜಾಸ್ತಿ ಏದುಸಿರು ಬಿಡ್ತಾಳಲ್ಲ. ಪದಕದಲ್ಲಿ ಅವಳಿಗೂ ಒಂದು ಚೂರು ಕೊಡಬೇಕಪ್ಪ."

"ನೀನು ಹೊಲಿದ ಕೋಟು ಹಾಕ್ಕೊಂಡಿದಾಳೆ. ಉಸಿರು ಕಟ್ಟದೆ ಇನ್ನೇನಾಗುತ್ತೆ," ಎಂದರು ತಾಯಿ, ಕಣ್ಣು ಟಿವಿಯಿಂದ ತೆಗೆಯದೆ.

ಆಟೋಟದ ಸುದ್ದಿಗೆ ಹೆಣ್ಣುಮಗಳು ಯಾಕೆ ಎಂದು ಎಲ್ಲರೂ ಕೇಳುತ್ತಿದ್ದ ಕಾಲದಲ್ಲಿ ಮೈಕಮ್ಮ ಚಾನೆಲ್ಲಿಗೆ ಸೇರಿದ್ದು. ಗಂಡಸರು ಬರೆದದ್ದನ್ನು ಲಕ್ಷಣವಾಗಿ ಓದಿದರೆ ಸಾಕು ಎಂದರು, ಓದಿದಳು. ಆಮೇಲೆ ಯಾರೂ ಹೋಗದ ಹೆಂಗಸರ ಪಂದ್ಯಗಳಿಗೆ ಕಳಿಸಿದರು. ಅಲ್ಲಿ ನೋಡುವವರಿಗಿಂತ ಆಡುವವರೇ ಹೆಚ್ಚು. ಆಟಗಾರರ ಕೋಣೆಯ ಬಾಗಿಲಲ್ಲಿ ನಿಲ್ಲಿಸಿ, "ಆಟದ ನಿಯಮ ಗೊತ್ತೇನಮ್ಮ ನಿಂಗೆ?" ಎಂದು ಪರೀಕ್ಷೆ ಮಾಡಿದವರಿದ್ದರು. ನಿಯಮ ಹೇಳಿ, ಹೋದ ಪಂದ್ಯದಲ್ಲಿ ಅವರೇ ಮಾಡಿದ ತಪ್ಪನ್ನೂ ಹೇಳಿ ಬರುತ್ತಿದ್ದಳು. ಹೀಗೆ ಅವಮಾನವನ್ನೂ ಅನುಭವವನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡು, ಕೊನೆಗೆ ದೊಡ್ಡ ಕ್ರೀಡಾಕೂಟಗಳಲ್ಲಿ ಗೆಲುವಿನ ಗೆರೆಯ ಬಳಿ ನಿಂತು ಗೆದ್ದವರನ್ನು ಮೊದಲು ಮಾತಾಡಿಸುವ ಜಾಗ ಹಿಡಿದಿದ್ದಳು. ಕೆಲಸ ಕಲಿಸಿದವನು ಚಾನೆಲ್ಲಿನ ನಿರ್ದೇಶಕ. ಮೈದಾನದ ಹೊರಗೆ ನಿಲ್ಲಿಸಿದ ವ್ಯಾನಿನಲ್ಲಿ ಕೂತು, ಅವಳ ಕಿವಿಯಲ್ಲಿದ್ದ ಪುಟ್ಟ ಯಂತ್ರದ ಮೂಲಕ ಮಾತಾಡುವವನು. ಅವನನ್ನು ಅಣ್ಣ ಎನ್ನುತ್ತಿದ್ದಳು.

ಅವತ್ತು ಮಧ್ಯಾಹ್ನ ಓಟದ ಫೈನಲ್ಲು. ಬಸ್ ಡ್ರೈವರ್ ಒಬ್ಬರ ಮಗಳು ಗೆಲ್ಲಬಹುದು ಎಂದು ಎಲ್ಲರ ಬಾಯಲ್ಲೂ ಇತ್ತು. ಹಾಗೆ ಗೆಲ್ಲಬಹುದಾದವರ ಮನೆಗೂ ಒಂದು ಕ್ಯಾಮೆರಾ ಕಳಿಸಿಡುವುದು ಚಾನೆಲ್ಲಿನ ಪದ್ಧತಿ. ಮಕ್ಕಳು ಮೈದಾನದಲ್ಲಿ ಓಡುವಾಗ ಮನೆಯವರು ಕೂತಲ್ಲೇ ಓಡುವುದನ್ನು ನೋಡಲು ಜನಕ್ಕೆ ಇಷ್ಟ.

ಹುಡುಗಿ ಗೆದ್ದೇಬಿಟ್ಟಳು. ಟಿವಿ ಪರದೆ ಎರಡು ಭಾಗವಾಯಿತು. ಒಂದು ಕಡೆ ಎದೆ ಮುಂದಕ್ಕೊಡ್ಡಿ ಗೆರೆ ದಾಟುತ್ತಿರುವ ಹುಡುಗಿ. ಇನ್ನೊಂದು ಕಡೆ, ಖಾಕಿ ಅಂಗಿಯಲ್ಲೇ ಕುರ್ಚಿಯಿಂದ ಎದ್ದು ಎರಡೂ ಕೈ ಮೇಲೆತ್ತಿದ ಅವಳ ಅಪ್ಪ. ಎತ್ತಿದ ಕೈ ಎತ್ತಿದ ಹಾಗೆಯೇ ಅವರು ಪಕ್ಕಕ್ಕೆ ವಾಲಿದರು. ಆ ಭಾಗ ಥಟ್ಟನೆ ಮಾಯವಾಯಿತು.

"ಖುಷಿಗೆ ಕಾಲು ನಿಲ್ಲಲಿಲ್ಲ ನೋಡಿ," ಎಂದು ಮೈಕಮ್ಮನ ಮನೆಯಲ್ಲಿ ಟಿವಿ ಮುಂದೆ ಕೂತಿದ್ದ ದರ್ಜಿ ನಕ್ಕ.

ತಾಯಿ ನಗಲಿಲ್ಲ. "ಬೀಳೋರು ಕೈ ಊರ್ತಾರಪ್ಪ. ಅವರು ಊರಲೇ ಇಲ್ಲ."

ಹುಡುಗಿ ಬಾವುಟ ಹೊದ್ದು ಮೈದಾನ ಸುತ್ತಿ, ಜನಕ್ಕೆಲ್ಲ ಕೈಬೀಸಿ, ಮೈಕಮ್ಮನ ಮುಂದೆ ಬಂದು ನಿಲ್ಲುವ ಹೊತ್ತಿಗೆ ಸುಮಾರು ಸಮಯವೇ ಹಿಡಿದಿತ್ತು. ಕೆನ್ನೆಯ ಮೇಲೆ ಬೆವರು, ಮಣ್ಣು, ಬಾಯಿ ತುಂಬ ನಗು.

"ಕೊನೇ ತಿರುವಲ್ಲಿ ಏನಾಯ್ತು ಹೇಳು," ಎಂದಳು ಮೈಕಮ್ಮ.

"ಅಯ್ಯೋ ಅಕ್ಕಾ, ಅಲ್ಲಿ ಕಾಲು ನಂದು ಅನ್ನಿಸಲೇ ಇಲ್ಲ. ಯಾರದೋ ಕಾಲು ಸಾಲ ತಗೊಂಡು ಓಡಿದ ಹಾಗೆ..."

ಆಗ ಕಿವಿಯೊಳಗೆ ಅಣ್ಣನ ದನಿ ಬಂತು. "ಅವರಪ್ಪ ಹೋಗ್ಬಿಟ್ರು ಕಣೆ. ಎದುರುಮನೆ ಡಾಕ್ಟ್ರು ಬಂದು ನೋಡಾಯ್ತು. ಹುಡುಗಿಗೆ ಗೊತ್ತಿಲ್ಲ. ಬೇರೆ ಚಾನೆಲ್‌ಗೂ ಗೊತ್ತಿಲ್ಲ. ಅವಳ ಮುಖದ ಮೇಲೇ ಕ್ಯಾಮೆರಾ ಇಟ್ಟಿದೀನಿ. ನಿಧಾನಕ್ಕೆ ನೀನೇ ಹೇಳು."

ಮೈಕಮ್ಮನಿಗೆ ಮೈದಾನದ ಗದ್ದಲವೆಲ್ಲ ಒಮ್ಮೆಗೇ ನಿಂತ ಹಾಗಾಯಿತು. ತನ್ನ ಬಾಯಿ ಮುಂದಿನ ಪ್ರಶ್ನೆ ಕೇಳುತ್ತಿರುವುದು ಅವಳಿಗೇ ಕೇಳಿಸಿತು. ಬೆಳಿಗ್ಗೆ ಎಷ್ಟು ಹೊತ್ತಿಗೆ ಎದ್ದೆ, ಏನು ತಿಂದೆ. ಹುಡುಗಿ ಬಾಳೆಹಣ್ಣು ಎಂದಳು.

"ಬಾಳೆಹಣ್ಣು ಕಟ್ಕೊಂಡು ನನಗೇನು," ಎಂದಿತು ಕಿವಿ. "ಈಗ ಹೇಳ್ತೀಯೋ ಇಲ್ವೋ? ಇನ್ನೊಬ್ಬರು ಹಾಕೋಕೆ ಮುಂಚೆ ನಾನು ಕೆಳಗಡೆ ಸುದ್ದಿ ಪಟ್ಟಿ ಬಿಡ್ತೀನಿ."

ಬಿಟ್ಟೂಬಿಟ್ಟ. ಹುಡುಗಿಯ ಬೆನ್ನ ಹಿಂದೆ, ಮೈದಾನದ ತುದಿಯಲ್ಲಿ, ಮನೆಯಷ್ಟು ದೊಡ್ಡ ಪರದೆಯಿತ್ತು. ಅದರಲ್ಲಿ ಬರುತ್ತಿದ್ದದ್ದೂ ಇದೇ ಚಾನೆಲ್ಲಿನ ಚಿತ್ರ. ನಗುತ್ತಿರುವ ಹುಡುಗಿಯ ಗದ್ದದ ಕೆಳಗೆ ಕೆಂಪು ಪಟ್ಟಿಯೊಂದು ಹರಿಯತೊಡಗಿತು: ಮಗಳ ಗೆಲುವು ಕಂಡ ತಂದೆಗೆ ಹೃದಯಾಘಾತ, ಸಾವು. ಆಸನಗಳಲ್ಲಿ ಕೂತಿದ್ದವರ ಕೂಗು ಸಾಲುಸಾಲಾಗಿ ಅಡಗುತ್ತ ಬಂತು.

ಇತ್ತ ಮನೆಯಲ್ಲಿ ದರ್ಜಿ ಅದನ್ನು ಓದಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

"ಯಾಕಕ್ಕಾ ಎಲ್ಲಾ ಸುಮ್ಮನಾದ್ರು?" ಹುಡುಗಿ ಕೇಳಿದಳು. "ನನ್ನ ಓಟ ಮತ್ತೆ ತೋರಿಸ್ತಿದಾರಾ?"

ಅವಳು ತಿರುಗುವಷ್ಟರಲ್ಲಿ ಮೈಕಮ್ಮ ಎರಡೂ ಭುಜ ಹಿಡಿದಳು. ಮೈಕು ಕೈಜಾರಿ ಬಿದ್ದು ಟಪ್ಪೆಂದ ಸದ್ದು ಊರೆಲ್ಲ ಕೇಳಿರಬೇಕು. ಕಿವಿಯ ಯಂತ್ರ ಕಿತ್ತು ಕೋಟಿನ ಜೇಬಿಗೆ ತುರುಕಿದಳು. ಹುಡುಗಿಯ ತಲೆಯ ಮೇಲೆ ಬಾವುಟ ಎಳೆದು, ಮಳೆಯಲ್ಲಿ ಮಗುವನ್ನು ಕರೆದೊಯ್ಯುವ ಹಾಗೆ ಅಪ್ಪಿಕೊಂಡು ನಡೆದುಬಿಟ್ಟಳು.

ಟಿವಿಯಲ್ಲಿ ಉಳಿದದ್ದು ಖಾಲಿ ಮೈದಾನ, ಬಿದ್ದ ಮೈಕು, ಓಡುತ್ತಿರುವ ಕೆಂಪು ಪಟ್ಟಿ. ಮನೆಗೆ ಬೆಂಕಿ ಬಿದ್ದರೂ ಪರದೆ ಖಾಲಿ ಬಿಡಬಾರದು ಎನ್ನುವ ಕಸುಬು ಅದು. ಖಾಲಿ ಬಿಟ್ಟು ಹೋದವರು ಮತ್ತೆ ಮೈಕು ಹಿಡಿದದ್ದಿಲ್ಲ. ಕೊನೆಗೆ ವ್ಯಾನಿನಲ್ಲಿ ಯಾರಿಗೋ ಎಚ್ಚರವಾಗಿ ಸೋಪಿನ ಜಾಹೀರಾತು ಬಂತು.

"ಮಗಳು ಕೆಲಸ ಕಳ್ಕೊಂಡಳು ಅಮ್ಮಾ," ಎಂದ ದರ್ಜಿ. ಅವನ ದನಿಯಲ್ಲಿ ತಮಾಷೆಯ ಎಳೆಯೂ ಇರಲಿಲ್ಲ.

"ಕೆಲಸ ಹಾಳಾಗಲಿ. ಆ ಮಗೂಗೆ ಹೇಗೆ ಹೇಳ್ತಾಳೋ."

ಆಸನಗಳ ಅಡಿಯಲ್ಲಿ ಇಕ್ಕಟ್ಟಾದ ಒಂದು ದಾರಿಯಿತ್ತು. ನೀರಿನ ಕ್ಯಾನುಗಳನ್ನು ಗೋಡೆಗೆ ಒತ್ತಿ ಜೋಡಿಸಿದ್ದರು. ಅಲ್ಲಿ ಮೈಕಮ್ಮ ಹುಡುಗಿಯನ್ನು ಕೂರಿಸಿ, ತಾನೂ ನೆಲದ ಮೇಲೆ ಕೂತು, ಎರಡೂ ಕೈ ಹಿಡಿದುಕೊಂಡಳು. ಜೀವಮಾನವಿಡೀ ಮಾತೇ ಅನ್ನ ಹಾಕಿದ್ದರೂ ಈಗ ಸಿಕ್ಕಿದ್ದು ಇಷ್ಟೇ ಮಾತು.

"ನಿಮ್ಮಪ್ಪ ಹೋದ್ರು ಕಣಮ್ಮ. ನೀನು ಗೆದ್ದಿದ್ದು ನೋಡಿದ್ರು. ನೋಡಿ, ಎದ್ದು ನಿಂತ್ರು, ಹಾಗೇ ಹೋದ್ರು."

ಹುಡುಗಿ ಅಳಲಿಲ್ಲ. ಮೈಕಮ್ಮನ ಮುಖವನ್ನೇ ನೋಡಿದಳು.

"ನಿಮಗೆ ಯಾವಾಗ ಗೊತ್ತಾಯ್ತು ಅಕ್ಕಾ?"

"ನೀನು ಕಾಲು ಸಾಲ ತಗೊಂಡೆ ಅಂದ್ಯಲ್ಲ, ಆಗ."

"ಆಮೇಲೂ ನಗ್ತಾನೇ ಇದ್ರಲ್ಲ."

ಆ ಮಾತಿನಲ್ಲಿ ದೂರು ಇರಲಿಲ್ಲ. ಅರ್ಥವಾಗದ್ದನ್ನು ಕೇಳುವ ಮಗುವಿನ ಹಾಗೆ ಕೇಳಿದ್ದಳು. ಮೈಕಮ್ಮ ಕೆನ್ನೆ ಮುಟ್ಟಿ ನೋಡಿಕೊಂಡಳು. ಅಷ್ಟು ಹೊತ್ತೂ ನಗುತ್ತಲೇ ಇದ್ದೆನೆಂಬುದು ಅವಳಿಗೆ ತಿಳಿದೇ ಇರಲಿಲ್ಲ. ಹುಡುಗಿಯ ತರಬೇತುದಾರೆ ಓಡುತ್ತ ಬಂದು ತಬ್ಬಿಕೊಂಡ ಮೇಲೆಯೇ ಹುಡುಗಿಗೆ ಅಳು ಬಂದದ್ದು.

ಮೈಕಮ್ಮ ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ತಾಯಿ ತಟ್ಟೆ ಹಾಕಿದರು. ಅವಳು ಕೋಟನ್ನೂ ಬಿಚ್ಚದೆ ಕೂತಳು. ಅಷ್ಟರಲ್ಲಿ ಫೋನ್ ಬಂತು. ಅಣ್ಣ. ಬೈಗುಳಕ್ಕೆ ಸಿದ್ಧಳಾಗಿಯೇ ಎತ್ತಿದಳು.

"ಬೈಯೋಕಲ್ಲ ಕಣೆ ಮಾಡಿದ್ದು," ಎಂದನವನು. ದನಿಯಲ್ಲಿ ಹುರುಪೇ ಇತ್ತು. "ಜನ ಹೊಗಳ್ತಿದಾರೆ. ಆ ಖಾಲಿ ಮೈದಾನ ನೋಡಿದಷ್ಟು ಜನ ಓಟಾನೂ ನೋಡಿಲ್ಲ. ಮೇಲಿನವರು ಮೊದಲು ನಿನ್ನ ತೆಗೀಬೇಕು ಅಂದಿದ್ರು, ಈಗ ಅವರೇ ಬಾ ಅಂತಿದಾರೆ. ನಾಳೆ ಸ್ಟುಡಿಯೋದಲ್ಲಿ ಕೂತು ಹೇಳು. ಅವಳಿಗೆ ಹೇಗೆ ಹೇಳಿದೆ, ಅವಳು ಏನಂದ್ಲು. ಅಷ್ಟೇ. ಮುಖ್ಯವಾಗಿ ಅವಳು ಏನಂದ್ಲು ಅನ್ನೋದು."

ಅಣ್ಣ ಎಂದು ಇಷ್ಟು ವರ್ಷ ಕರೆದದ್ದು ಇವನನ್ನೇ ಎಂದು ಅವಳಿಗೆ ನಂಬಲಾಗಲಿಲ್ಲ. ಅವನು ಕೆಟ್ಟವನಲ್ಲ, ಮನೆಗೆ ಬಂದು ಉಂಡವನು. ಅದಕ್ಕೇ ಅವಳಿಗೆ ಇನ್ನೂ ಹೆಚ್ಚು ಭಯವಾಯಿತು.

"ಏನಂದ್ಲು, ಹೇಳು?" ಅವನು ಮತ್ತೆ ಕೇಳಿದ.

"ಏನೂ ಅನ್ಲಿಲ್ಲ," ಎಂದಳು ಮೈಕಮ್ಮ.

"ಒಂದು ಮಾತೂ ಇಲ್ವಾ?"

"ಇಲ್ಲ."

"ಹಾಗಂದ್ರೆ ನಾಳೆ ನಿನ್ನ ಕರೆಸಿ ನಾನು ಏನು ಮಾಡ್ಲಿ? ಮೇಲಿನವರಿಗೆ ಏನು ಹೇಳ್ಲಿ? ಯೋಚನೆ ಮಾಡು. ಇದೊಂದು ದಾರಿ ಬಿಟ್ರೆ ನಿನ್ನ ಉಳಿಸೋಕೆ ನನ್ನ ಕೈಲಾಗಲ್ಲ."

"ಯೋಚನೆ ಮಾಡಾಯ್ತು. ಅವಳು ಏನೂ ಅನ್ಲಿಲ್ಲ ಅಣ್ಣ."

ಫೋನು ಕೆಳಗಿಟ್ಟಳು. ತಾಯಿ ಮಗಳ ಮುಖವನ್ನು ಒಂದು ಗಳಿಗೆ ನೋಡಿದರು. ಸುಳ್ಳು ಎಂದು ಅವರಿಗೆ ಗೊತ್ತಾಯಿತು. ಆ ಹುಡುಗಿ ಏನಂದಳು ಎಂದು ಅವರೂ ಕೇಳಲಿಲ್ಲ.