ಹತ್ತು ಜನರ ಪ್ರಾರ್ಥನೆ

ಮೇಸ್ತ್ರಿ ಬೊಮ್ಮಯ್ಯನೂ ಸೇರಿ ಎಂಟು ಜನ ಆಳುಗಳು ಸಿಕ್ಕಿದರು. ತಾನು ಒಂಬತ್ತು, ಡಾಕ್ಟರು ಹತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಕಾಶೀನಾಥ ಬೊಮ್ಮಯ್ಯನಿಗೆ, "ಜಗಲಿ ಕೆಳಗೆ ಸಾಲಾಗಿ ನಿಲ್ಸು ಮಾರಾಯ. ಮಾತು ಬೇಡ," ಎಂದ.

"ಯಾವ ದೇವ್ರು, ರೈಟ್ರೇ?"

"ಅವರ ದೇವ್ರು. ಸುಮ್ನೆ ನಿಂತ್ರೆ ಸಾಕು."

ಅತ್ತಿಗುಂಡಿಯ ಹತ್ತಿರದ ಆ ಎಸ್ಟೇಟಿನ ಆಸ್ಪತ್ರೆಗೆ ಡಾಕ್ಟರ್ ಹಿರ್ಶ್ ಬಂದು ಮೂರು ವರ್ಷವಾಗಿತ್ತು. ಜರ್ಮನಿಯಿಂದ ಜೀವ ಉಳಿಸಿಕೊಂಡು ಬಂದ ಯೆಹೂದಿ. ದಿನಾ ಆಕಾಶದಲ್ಲಿ ಮೂರು ನಕ್ಷತ್ರ ಕಂಡ ಮೇಲೆ ಜಗಲಿಯಲ್ಲಿ, ತಮ್ಮ ಪುಣ್ಯಭೂಮಿಯಿರುವ ಪಶ್ಚಿಮಕ್ಕೆ ತಿರುಗಿ ನಿಂತು ಸಂಜೆಯ ಪ್ರಾರ್ಥನೆ ಮಾಡುತ್ತಿದ್ದರು. ಮಾರೀವ್ ಅಂತ ಅದರ ಹೆಸರು. ನೋಡುವವರಿಲ್ಲ, ಕೇಳುವವರಿಲ್ಲ, ಗುಡಿಯಿಲ್ಲ. ಆದರೂ ಒಂದಕ್ಷರ ನುಂಗಿದವರಲ್ಲ. ಅಂಗೈಯಿಂದ ಕಣ್ಣು ಮುಚ್ಚಿಕೊಂಡು, ದೇವರು ಒಬ್ಬನೇ ಎಂದು ಅವರು ಹೇಳುವಾಗ ಎದುರಿನ ಸ್ಟೋರಿನ ಕಿಟಕಿಯಲ್ಲಿ ನಿಂತ ಕಾಶೀನಾಥನಿಗೆ ಮೈ ಜುಮ್ಮೆನ್ನುತ್ತಿತ್ತು.

ಕಳಸದ ಪುರೋಹಿತರ ಮಗ ಅವನು. ಸಂಧ್ಯಾವಂದನೆ ಬಿಟ್ಟು ಹನ್ನೊಂದು ವರ್ಷ. ಜನಿವಾರ ಬೀಗದಕೈ ಕಟ್ಟಿಕೊಳ್ಳುವುದಕ್ಕೆ ಬರುತ್ತಿತ್ತು. ಬಿಟ್ಟದ್ದಕ್ಕೆ ಬೇಸರವಿರಲಿಲ್ಲ; ಬಿಟ್ಟ ಜಾಗದಲ್ಲಿ ಬೇರೇನೂ ಬಂದು ಕೂರಲಿಲ್ಲವಲ್ಲ, ಅದು ಬೇಸರ.

ನಿನ್ನೆ ಬೊಂಬಾಯಿಯಿಂದ ಕಾಗದ ಬಂದಿತ್ತು. ಡಾಕ್ಟರ ತಂದೆ ಜರ್ಮನಿಯಲ್ಲಿ ತೀರಿಕೊಂಡು ಆರು ತಿಂಗಳಾಯಿತೆಂದು ಅದರಲ್ಲಿತ್ತು.

"ಮಗ ಕದ್ದಿಷ್ ಹೇಳಬೇಕು," ಎಂದಿದ್ದರು ಡಾಕ್ಟರು. "ಮಾರೀವ್ ಒಬ್ಬನೇ ಮಾಡಬಹುದು. ಸತ್ತವರಿಗಾಗಿ ಹೇಳುವ ಅದೊಂದನ್ನು ಮಾತ್ರ ಹತ್ತು ಗಂಡಸರಿಲ್ಲದೆ ಹೇಳುವ ಹಾಗಿಲ್ಲ."

ಹತ್ತು ಗಂಡಸರು ತಾನೇ, ಅದೇನು ಮಹಾ, ಎಂದುಕೊಂಡಿದ್ದ ಕಾಶೀನಾಥ. ಒಬ್ಬರಿಗೆ ಏನನ್ನೋ ಕೊಡಬಲ್ಲೆ ಎಂಬ ಸಂತೋಷ ಅವನಿಗೆ ಎಷ್ಟೋ ವರ್ಷದ ಮೇಲೆ ಆಗಿತ್ತು.

ಡಾಕ್ಟರು ಜಗಲಿಗೆ ಬಂದರು. ಅವರ ಕಣ್ಣು ಒಬ್ಬೊಬ್ಬರ ಮೇಲೂ ನಿಂತು ಮುಂದೆ ಹೋಯಿತು.

"ಕಾಶೀನಾಥ, ಹತ್ತೂ ಜನ ನಮ್ಮವರಾಗಬೇಕು. ಯೆಹೂದಿಗಳು."

"ಹತ್ತು ಗಂಡಸರು ಅಂದ್ರಿ..."

"ಹೌದು. ಪೂರ್ತಿ ಹೇಳಲಿಲ್ಲ. ತಪ್ಪು ನನ್ನದು."

ಕಾಶೀನಾಥನ ಕಿವಿ ಬಿಸಿಯಾಯಿತು. ಶ್ರಾದ್ಧದ ಎಲೆಗೆ ಯಾರು ಕೂರಬೇಕು, ಯಾರು ಕೂಡದು ಎಂದು ಹುಡುಗನಾಗಿದ್ದಾಗಲೇ ಅವನಿಗೆ ಬಾಯಿಪಾಠ. ಈ ಎಂಟರಲ್ಲಿ ಒಬ್ಬನನ್ನೂ ಅಪ್ಪ ತಮ್ಮ ಮನೆಯ ಹೊಸಿಲು ದಾಟಿಸುತ್ತಿರಲಿಲ್ಲ. ಬೇರೆಯವರ ದೇವರಿಗೆ ಮಾತ್ರ ಯಾರಾದರೂ ಆದೀತು ಎಂದುಕೊಂಡನಲ್ಲ, ನಾಚಿಕೆಯಾಯಿತು.

"ಕಳಿಸ್ಬಿಡ್ಲಾ?"

"ಬೇಡ. ನನ್ನ ತಂದೆಗೋಸ್ಕರ ಬಂದಿದ್ದಾರೆ. ಇರಲಿ."

ಡಾಕ್ಟರು ಪ್ರಾರ್ಥನೆ ಶುರುಮಾಡಿದರು. ಕದ್ದಿಷ್ ಬರುವಲ್ಲಿ ನಿಂತರು. ತುಟಿ ಅಲುಗಲಿಲ್ಲ. ಹೇಳಿಬಿಟ್ಟಿದ್ದರೆ ಆ ಗುಡ್ಡದಲ್ಲಿ ಕೇಳುವವರು ಯಾರಿದ್ದರು? ಹೇಳಲಿಲ್ಲ. ಕೆನ್ನೆ ಮಾತ್ರ ಒದ್ದೆಯಾಯಿತು. ಹೇಳದೆ ಇರುವುದಕ್ಕೂ ಇಷ್ಟು ನಂಬಿಕೆ ಬೇಕೇ ಎಂದು ಕಾಶೀನಾಥನಿಗೆ ಕೈ ಮುಗಿಯಬೇಕೆನಿಸಿತು, ಹೊಟ್ಟೆಕಿಚ್ಚೂ ಆಯಿತು.

ಮುಗಿದ ಮೇಲೆ ಡಾಕ್ಟರು ಕೆಳಗಿಳಿದು ಎಂಟೂ ಜನರ ಕೈ ಹಿಡಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಾಲು ಕದಲಲಿಲ್ಲ.

"ಇನ್ನು ಹೋಗಿ," ಎಂದ ಕಾಶೀನಾಥ.

ಎಲ್ಲರಿಗಿಂತ ಹಿರಿಯ ಆಳು ಚೌಡಯ್ಯ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. "ಪಾಪ, ಅವ್ರ ಕೈಲಿ ಹೇಳಕ್ಕಾಗ್ಲಿಲ್ಲ. ನೀವು ಭಟ್ರ ಮಗ. ಆ ಹಿರೀಕ್ರಿಗೆ ನಮ್ದೇ ಒಂದು ಮಂತ್ರ ಹೇಳ್ಬಿಡಿ ಸ್ವಾಮಿ. ನಾವು ನಿಂತಿರ್ತೀವಿ."

ಕಾಶೀನಾಥ ಪಶ್ಚಿಮಕ್ಕೆ ತಿರುಗಿದ. ಮೊದಲ ಅಕ್ಷರ ಬಂತು. ಮುಂದಿನದು ಬರಲಿಲ್ಲ. ಎಂಟು ಜನ ಕೈ ಮುಗಿದು, ಕಣ್ಣು ಮುಚ್ಚಿ, ಅವನ ಬೆನ್ನಿಗೆ ತಲೆ ಬಾಗಿಸಿಕೊಂಡು ಕಾಯುತ್ತಿದ್ದರು.