ಐದನೆಯ ಜೇಡ

ಗಂಡನ ಹಣೆಗೆ ವಿಭೂತಿ ಬಳಿಯುತ್ತಿದ್ದ ಸಂಗಮ್ಮ ತಲೆ ಎತ್ತಲಿಲ್ಲ. ಬಾಗಿಲಲ್ಲಿ ನಿಂತವನು ಹೊಸಪೇಟೆಯ ಇಂಗ್ಲಿಷ್ ದೊರೆಯ ಗುಮಾಸ್ತ ವೆಂಕೋಬರಾಯ. ಹೆಣ ಇನ್ನೂ ಪಡಸಾಲೆಯಲ್ಲಿರುವಾಗಲೇ ಕಾಗದ ಹಿಡಿದು ಬಂದಿದ್ದ.

"ಆದದ್ದಾತಮ್ಮ. ಆ ಐದನೇ ಜ್ಯಾಡ ಎಲ್ಲಿ ಕಂಡಿದ್ದ ಅಂತ ನಿನಗ ಹೇಳಿರಬೇಕಲ್ಲ? ದೊರೆಗಳು ಕೇಳ್ಕೊಂಡು ಬಾ ಅಂತ ಕಳಿಸ್ಯಾರ."

"ಅವರು ಬರ್ಲಿಲ್ಲೇನ್ರಿ?"

"ಅವರಿಗೆ ಪುರಸೊತ್ತಿಲ್ಲ."

ಎಂಟು ವರ್ಷ ಆ ದೊರೆಗಾಗಿ ಬಂಡೆ ಹತ್ತಿಳಿದು, ನಿನ್ನೆ ಬಂಡೆಯಿಂದಲೇ ಜಾರಿ ಬಿದ್ದು ಸತ್ತವನಿಗೆ ಒಂದು ಹಿಡಿ ಮಣ್ಣು ಹಾಕಲು ಪುರಸೊತ್ತಿಲ್ಲ! ಸಂಗಮ್ಮನ ಮೈಯೆಲ್ಲ ಉರಿದುಹೋಯಿತು. ವಿಭೂತಿಗಟ್ಟಿ ಅವಳ ಮುಷ್ಟಿಯಲ್ಲೇ ಪುಡಿಯಾಯಿತು.

*

ಅದನ್ನು ಕಸದ ಜೇಡ ಎನ್ನುತ್ತಿದ್ದ ಸಂಗಮ್ಮನ ಗಂಡ ಮೂಕಪ್ಪ. ಎಳ್ಳುಕಾಳಿಗಿಂತ ತುಸು ದೊಡ್ಡದು. ತಿಂದ ನೊಣದ ಸಿಪ್ಪೆಯನ್ನು ಬಲೆಯ ನಡುವೆ ಕಟ್ಟಿ, ತಾನೂ ಕಸದಲ್ಲಿ ಕಸವಾಗಿ ಕೂರುತ್ತದೆ. ಕುಲ ಒಂದೇ, ಜಾತಿ ಬೇರೆ ಬೇರೆ: ಒಂದು ಕಸವನ್ನು ನೆಟ್ಟಗೆ ಸಾಲು ಹಚ್ಚುತ್ತದೆ, ಇನ್ನೊಂದು ಸುತ್ತಿ ಸುತ್ತಿ ಇಡುತ್ತದೆ, ಮತ್ತೊಂದು ಗುಂಪೆ ಹಾಕುತ್ತದೆ. ಕಣ್ಣಿಗೆ ಕಾಣದ ಬಲೆಯ ಮೇಲೆ ಮೂಕಪ್ಪ ಚಿಟಿಕೆ ವಿಭೂತಿ ಊದಿದರೆ ಎಳೆ ಎಳೆಯೂ ಬೆಳ್ಳಗೆ ಎದ್ದು ಕಾಣುತ್ತಿತ್ತು. ಅಂಥ ಉಪಾಯ ದೊರೆಯ ಭೂತಗನ್ನಡಿಗೂ ಗೊತ್ತಿರಲಿಲ್ಲ.

ಜೇಡ ಕೂಡಿಹಾಕಿ ಸೀಮೆಗೆ ಬರೆದು ಕಳಿಸುತ್ತಿದ್ದ ದೊರೆಗೆ ನಾಲ್ಕು ಹೊಸ ಜಾತಿ ಹುಡುಕಿಕೊಟ್ಟ. ಅವನ್ನು ಅಚ್ಚು ಹಾಕಿದ ಪುಸ್ತಕ ಸೀಮೆಯಿಂದ ಬಂತು. ಒಂದಕ್ಕೆ ದೊರೆಯ ಹೆಸರು, ಒಂದಕ್ಕೆ ದೊರೆಸಾನಿಯದು, ಉಳಿದೆರಡಕ್ಕೆ ಅವರ ಗೆಳೆಯರವು.

"ನಿಮ್ಮ ಹೆಸರೆಲ್ಲೈತ್ರಿ?" ಎಂದು ಸಂಗಮ್ಮ ಜಗಳ ತೆಗೆದಿದ್ದಳು.

"ಐದನೇದು ಸಿಕ್ಕರ ನಂದ ಇಡ್ತೀನಿ ಅಂದಾರ. ಸಿಕ್ಕೈತಿ ನೋಡು! ಸಿಕ್ಕೈತಿ ಅಂತಷ್ಟ ದೊರೆಗಳಿಗೆ ಹೇಳೀನಿ, ಜಾಗ ನಿನಗೊಬ್ಬಾಕಿಗೇ ಹೇಳ್ತೀನಿ" ಎಂದು ಆ ಜಾಗವನ್ನು ಅವಳ ಕಿವಿಯಲ್ಲಿ ಹೇಳಿದ್ದ. ಮರುದಿನ ಸೀಸೆ ಹಿಡಿದು ಹೋದವನನ್ನು ಊರವರು ಹೊತ್ತು ತಂದರು.

*

ಪಾಪಿನಾಯಕನಹಳ್ಳಿಯ ಹೊರಗೆ, ಕುಣಿಯೊಳಗೆ ಮೂಕಪ್ಪನನ್ನು ಪದ್ಧತಿಯಂತೆ ಚಕ್ಕಳಮಕ್ಕಳ ಹಾಕಿ ಕೂರಿಸಿದ್ದರು, ಎಡಗೈಯಲ್ಲಿ ಲಿಂಗ. ವೆಂಕೋಬರಾಯ ಮೂಗಿಗೆ ಅಂಗವಸ್ತ್ರ ಒತ್ತಿಕೊಂಡು ಅಲ್ಲಿಗೂ ಬಂದ.

"ಜಲ್ದಿ ಹೇಳಿಬಿಡಮ್ಮ, ಹೊತ್ತಾತು."

"ಒಂದೀಟು ತಡ್ಕೊಳ್ರಿ ರಾಯರ, ಮಣ್ಣರ ಆಗ್ಲಿ" ಎಂದರು ಪತ್ರಿ ಹಾಕುತ್ತಿದ್ದ ಕೊಟ್ರಯ್ಯಸ್ವಾಮಿಗಳು.

ಸಂಗಮ್ಮ ಮುಂದೆ ಬಂದಳು. "ಹೇಳಿದರ ಅದಕ್ಕ ಯಾರ ಹೆಸರು ಇಡ್ತೀರಿ?"

"ಹೆಸರು ಆಗಲೇ ಬರದಿಟ್ಟಾರ, ದೊರೆಗಳ ಅಳಿಯಂದು." ಗುಮಾಸ್ತ ಕಾಗದದ ಮೇಲೆ ಬೆರಳಿಟ್ಟ. "ಎಲ್ಲಿ ಸಿಕ್ತು ಅನ್ನೋದೊಂದ ಖಾಲಿ ಅದ."

"ಹಂಗೇನ್ರಿ? ಕಂಡವರು ಅಗೋ ಕುಂತಾರಲ್ರಿ. ಇಳಿದು ಅವರನ್ನ ಕೇಳ್ರಿ."

ಪಕ್ಕದವನ ಕೈಯಿಂದ ಸಲಿಕೆ ಕಿತ್ತುಕೊಂಡು ತಾನೇ ಮಣ್ಣು ಎಳೆದಳು. ಒಬ್ಬರೂ ತಡೆಯಲಿಲ್ಲ. ವೆಂಕೋಬರಾಯ ಕುಣಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡುತ್ತಿದ್ದ. ಮಣ್ಣು ಮೂಕಪ್ಪನ ತೊಡೆ ಮುಚ್ಚಿತು, ಎದೆ ಮುಚ್ಚಿತು, ಬಾಯಿ ಮುಚ್ಚಿತು.