ಕಣ್ಣಿಲ್ಲದ ಗಿಳಿ

ಅಡಿಕೆ ಬೇಯಿಸಿದ ಚೊಗರಿನ ವಾಸನೆ, ಲಂಡನ್ನಿನಲ್ಲಿ, ಬೆಳಗಿನ ಹತ್ತು ಗಂಟೆಗೆ, ಇಸ್ತ್ರಿಪೆಟ್ಟಿಗೆಯ ಆವಿಯನ್ನೂ ಮೀರಿ — ಪಾರ್ಸೆಲ್ಲಿನ ಹೊಲಿಗೆ ಬಿಚ್ಚಿದ್ದೇ ತಡ, ಹೊನ್ನಾಳಿಯ ಅಕ್ಕನ ಮನೆ ಬಾಗಿಲಲ್ಲಿ ಹದಿನಾರು ವರ್ಷ ನೇತಾಡಿದ ಮಣಿತೋರಣ ಮೇಜಿನ ಮೇಲೆ ಬಿದ್ದಿದೆ, ಎರಡು ಹಸಿರು ಗಿಳಿ, ನಡುವೆ ಬಿಳಿ ಬಳ್ಳಿ, ಅವ್ವ ಕಟ್ಟಿದ್ದು, ಅವ್ವ ಮತ್ತು ನಾನು. ಕತ್ತರಿಸಲೇ ಮೇಡಂ, ಸಹಾಯಕಿ ಮಾರ್ಗರೆಟ್ ಕತ್ತರಿ ಹಿಡಿದೇ ನಿಂತಿದ್ದಾಳೆ, ಸಂಜೆಗೆ ಗೌನು ಹೋಗಬೇಕು, ಮದುಮಗಳಿಗೆ ಅಜ್ಜಿ ಕಾಲದ ಗಾಜಿನ ಮಣಿಯೇ ಬೇಕು, ಕೊರಳಿನ ಸುತ್ತ ಇನ್ನೂ ಒಂದು ಗೇಣು ಖಾಲಿ, ಈ ಊರಿನ ಅಂಗಡಿಗಳಲ್ಲಿ ಇಂಥದ್ದು ಮುಗಿದು ಹೋಗಿದೆ. ತಾಳು, ಅಂದೆ. ಅಕ್ಕನ ಕಾಗದ ಮಡಿಕೆಯಲ್ಲಿತ್ತು — ಮಂಗಳೀ, ಅತ್ತೆ ತೀರಿಕೊಂಡ್ರು, ಹೊಸ ಬಾಗಿಲು ಕೂರಿಸೀವಿ, ತೇಗದ್ದು, ಅದಕ್ಕೆ ಮೊಳೆ ಹೊಡಿಯಂಗಿಲ್ಲ ಅಂತಾರೆ ನಿಮ್ಮ ಭಾವ, ಇದನ್ನ ಬಿಚ್ಚಿ ನಿನ್ನ ಗೌನಿಗೆ ಹಾಕ್ಕೋ. ಹಿಂದಿನ ಪುಟದಲ್ಲೂ ಏನೋ ಇದೆ, ಆಮೇಲೆ ಓದೋಣ, ಬಿಚ್ಚುವುದಾದರೆ ಎಲ್ಲಿಂದ ಅಂತ ಬೆರಳಿಗೆ ಗೊತ್ತು, ಕಣ್ಣಿಂದ, ಗಿಳಿ ಕಟ್ಟುವಾಗ ದಾರಕ್ಕೆ ಮೊದಲು ಏರುವುದು ಕಣ್ಣು, ಅದರ ಸುತ್ತ ತಲೆ, ಆಮೇಲೆ ಕೊರಳು, ರೆಕ್ಕೆ, ಎಲ್ಲ ಒಂದೇ ದಾರ, ನಮ್ಮೂರು ಬಿಳಿಚೋಡಿನ ಜಗಲಿ ಮೇಲೆ ಅವ್ವ ಕಲಿಸಿದ್ದು, ಇಲ್ಲಿನ ಪತ್ರಿಕೆಯವರು ನಾನು ಮ್ಯೂಸಿಯಂಗಳಲ್ಲಿ ಕೂತು ಕಲಿತೆ ಅಂತ ಬರೆಯುತ್ತಾರೆ, ನಾನೂ ತಿದ್ದಿಲ್ಲ, ಮ್ಯೂಸಿಯಂ ಅಂದರೆ ಗೌನಿಗೆ ಬೆಲೆ ಬರುತ್ತದೆ, ಜಗಲಿ ಅಂದರೆ ಬರುವುದಿಲ್ಲ.

ಹದಿನಾರು ವರ್ಷದ ಹಿಂದಿನ ಅದೇ ಜಗಲಿ, ಮಣಿ ಮಾರುವ ಹೊನ್ನೂರಮ್ಮ ತಗಡಿನ ಪೆಟ್ಟಿಗೆ ಇಳಿಸುತ್ತಾಳೆ, ಬೊಗಸೆ ಹಸಿರು ಸುರಿಯುತ್ತಾಳೆ, ಕೆಂಪು ಮಾತ್ರ ಎರಡೇ, ಹರಳಿನಂಥವು, ಸೆರಗಿನ ಗಂಟಿನಿಂದ ತೆಗೆಯುತ್ತಾಳೆ, ಗಿಳಿಗೊಂದು ಕಣ್ಣು, ಜೋಡಿ ಕಣವ್ವಾ, ಮೂರನೇದು ಕೇಳಬ್ಯಾಡ, ಚನ್ನಗಿರಿ ಸಂತೇಲೂ ಸಿಗಾಕಿಲ್ಲ. ಅಕ್ಕನ ಮದುವೆಗೆ ನಾಲ್ಕು ದಿನ. ಎಡಗಿಳಿ ನೀನು ಕಟ್ಟೇ, ನನ್ನ ಕಣ್ಣು ಮಂಜಾಗ್ಯಾವೆ, ಅಂದಳು ಅವ್ವ. ನನಗೆ ಹದಿಮೂರು, ಆ ವಾರ ಮನೆಗೆ ಬಂದಿದ್ದೆಲ್ಲ ಅಕ್ಕನದು, ಸೀರೆ ಅಕ್ಕನದು, ಟ್ರಂಕು ಅಕ್ಕನದು, ಚಕ್ಕುಲಿ ಕೂಡ ಬೀಗರದು, ನನಗೊಂದು ಬೇಕಾಗಿತ್ತು, ಅಷ್ಟೆ, ಅಳುವಂಥ ಕಾರಣವೇನಿಲ್ಲ. ಕೆಂಪು ಮಣಿಯನ್ನು ಲಂಗದ ಅಂಚಿನ ಮಡಿಕೆಗೆ ತೂರಿಸಿದೆ, ದಾರವನ್ನು ಬರಿದೇ ಒಂದು ಸುತ್ತು ಸುತ್ತಿ ಗಿಳಿ ಶುರು ಮಾಡಿದೆ, ಕಣ್ಣಿನ ಜಾಗದಲ್ಲಿ ಸಾಸಿವೆಯಷ್ಟು ತೂತು. ಅವ್ವನಿಗೆ ಕಾಣಲಿಲ್ಲ. ಅಕ್ಕ ಹೊಸಿಲು ದಾಟುವ ಮೊದಲೇ ಹೊನ್ನಾಳಿಯ ಅವಳ ಅತ್ತೆಗೆ ಕಂಡಿತು — ನೋಡ್ರೇ, ಬಿಳಿಚೋಡು ಬೀಗರು ಕುರುಡು ಗಿಳಿ ಕೊಟ್ಟು ಕಳಿಸ್ಯಾರೆ, ಎರಡು ಕೊಟ್ಟಾರೆ, ಬಾಗಿಲಲ್ಲೊಂದು, ಒಳಗೊಂದು. ನೆರೆದವರೆಲ್ಲ ನಕ್ಕರು, ಭಾವನೂ ನಕ್ಕ. ಅಕ್ಕನಿಗೆ ಹೆಸರು ಅಂಟಿತು. ಪಂಚಮಿಗೆ ನಾನು ಹೊನ್ನಾಳಿಗೆ ಹೋದಾಗ ಸಾರಿಗೆ ಉಪ್ಪು ಹೆಚ್ಚಾಗಿತ್ತು, ಕುರುಡು ಗಿಳಿ ಕೈರುಚಿ ಹಿಂಗೇ ಅಲ್ವೇನ್ರೀ, ಆ ಯಮ್ಮ ನನ್ನ ಎದುರೇ ಅಂದಳು, ಯಾರು ಕಟ್ಟಿದ್ದೇ ಅದನ್ನ, ನಿಮ್ಮವ್ವನಾ? ನನ್ನ ಬಾಯೊಳಗೆ ಅನ್ನ ಹಾಗೇ ನಿಂತಿತು. ಅಕ್ಕ ಸೌಟು ಕೆಳಗಿಡಲಿಲ್ಲ, ನಾನೇ ಕಟ್ಟಿದ್ದು ಅತ್ತೆ, ಗ್ಯಾನ ತಪ್ತು, ಇನ್ನಷ್ಟು ಅನ್ನ ಹಾಕ್ಲೇನ್ರಿ? ಅವ್ವನನ್ನು ಉಳಿಸಲು ಹೇಳಿದಳು ಅಂದುಕೊಂಡೆ, ಅನ್ನ ನುಂಗಿದೆ, ಮರುದಿನ ಬಸ್ಸು ಹತ್ತಿದೆ.

ಮೇಡಂ. ಹೂಂ, ತಾಳು. ಕಾಗದದ ಹಿಂದಿನ ಪುಟ, ಒಂದೇ ಸಾಲು, ಪೆನ್ನು ಬದಲಾಗಿದೆ — ಮಂಗಳೀ, ಆ ಕಣ್ಣು ಇನ್ನೂ ಐತೇನೆ ನಿನ್ತಾವ, ಅವತ್ತೇ ನಿನ್ನ ಲಂಗದ ಅಂಚಲ್ಲಿ ನೋಡಿದ್ದೆ, ಇದ್ರೆ ಹಾಕು. ಅವತ್ತೇ. ಸೌಟು ಹಿಡಿದಾಗಲೂ ಗೊತ್ತಿತ್ತು, ಹದಿನಾರು ವರ್ಷ ಬಾಗಿಲು ಗುಡಿಸುವಾಗಲೂ ಗೊತ್ತಿತ್ತು — ಇಲ್ಲ ಅಕ್ಕ, ಇಲ್ಲ, ಡಾಕ್ಟರ ಹೆಂಡತಿಯಾಗಿ ಇಲ್ಲಿಗೆ ಬರುವಾಗ ಬೆಂಕಿಪೊಟ್ಟಣದಲ್ಲಿ ಅದನ್ನು ತಂದಿದ್ದೆ, ಎಂಬತ್ತೊಂದರಲ್ಲಿ ನನ್ನ ಮೊದಲ ಗೌನಿನ ಎದೆ ನಡುವೆ ಹೊಲಿದೆ, ಪೇಪರಿನಲ್ಲಿ ಫೋಟೋ ಬಂತಲ್ಲ, ನನ್ನ ಹೆಸರು ಹುಟ್ಟಿದ್ದೇ ಅದರಿಂದ, ಗೌನು ಯಾರದೋ ಪಾಲಾಯಿತು, ಈಗ ಯಾವ ಬೀರುವಿನಲ್ಲಿದೆಯೋ. ಕತ್ತರಿಸಿದರೆ ಗಿಳಿಯೂ ಇಲ್ಲ, ತೂತೂ ಇಲ್ಲ, ಸಂಜೆಗೆ ಎಲ್ಲ ಮುಗಿಯಿತು, ಅಕ್ಕ ಮತ್ತೆ ಕೇಳುವುದಿಲ್ಲ, ಅವಳು ಕೇಳುವವಳಲ್ಲ. ಗೌನಿನ ಕೊರಳಿಗೆ ಹೊಸ ಮಣಿ ಹಾಕು ಮಾರ್ಗರೆಟ್. ಆದರೆ ಮೇಡಂ, ಅವರು ಗೌನು ಒಪ್ಪುವುದಿಲ್ಲ. ಬೇಡವಾದರೆ ಬಿಡಲಿ, ಇದನ್ನು ಮುಟ್ಟಬೇಡ. ಕೆಂಪಿನ ಡಬ್ಬಿಗಳನ್ನೆಲ್ಲ ಎಳೆದೆ, ಒಂದೊಂದಾಗಿ ಇಟ್ಟು ನೋಡುತ್ತಿದ್ದೇನೆ, ಇದು ದಪ್ಪ, ಇದು ಸಣ್ಣ, ಇದು ಬಣ್ಣ ಸರಿ ಆದರೆ ನಿಲ್ಲುವುದಿಲ್ಲ, ಮೊದಲು ಏರಬೇಕಾದದ್ದು ಕೊನೆಗೆ ಕೂರುವುದಿಲ್ಲ, ಅವ್ವ ಹೇಳಿದ್ದಳು, ಗಿಳಿಯನ್ನು ಕಿಟಕಿಗೆ ಹಿಡಿದೆ, ಹಸಿರು ತಲೆ, ಅದರೊಳಗೆ ಸಾಸಿವೆಯಷ್ಟು ತೂತು, ತೂತಿನೊಳಗಿಂದ ಬೆಳಕು, ತೂತು ತೂತಾಗಿಯೇ ಉಳಿಯಿತು.